ತೂಕ 2.6 ಇದ್ದರೂ ಕೂಸು ಸೊರಗಿರಬಹುದು: ತಕ್ಕಡಿ, ಟೇಪು ಹಿಡಿದು ಪತ್ತೆ ಮಾಡುವ ಬಗೆ

ದೋಷ ಕಾಣಿಸಿಕೊಳ್ಳುವುದು ಹೀಗೆ. ದಿನ ತುಂಬಿದ ಹೆರಿಗೆ. ಕೂಸು ಜೋರಾಗಿ ಅತ್ತಿದೆ. ತೂಕ 2 ಕೆಜಿ 600 ಗ್ರಾಂ. ಕೇಸ್‌ಶೀಟಿನಲ್ಲಿ ನಾರ್ಮಲ್ ಎಂದು ಬರೆದು ತಾಯಿ ಪಕ್ಕ ಮಲಗಿಸುತ್ತಾರೆ. ಐದಾರು ತಾಸು ಕಳೆಯುವಷ್ಟರಲ್ಲಿ ಕೂಸಿನ ಪಾದ ತಣ್ಣಗಾಗುತ್ತದೆ. ಕೈಕಾಲು ಸಣ್ಣಗೆ ನಡುಗುತ್ತವೆ. ಮೊಲೆ ಬಾಯಿಗಿಟ್ಟರೂ ಹೀರುವುದಿಲ್ಲ. ಹಿಮ್ಮಡಿ ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ತಳ ಕಂಡಿರುತ್ತದೆ. ತೂಕ ಸರಿ ಇತ್ತಲ್ಲ, ಹೀಗ್ಯಾಕಾಯ್ತು ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ತೂಕ ಸರಿ ಇರಲಿಲ್ಲ. 2.5 ಕೆಜಿ ಎಂಬ ಗೆರೆ ದಾಟಿತ್ತು, ಅಷ್ಟೇ. ಹುಟ್ಟುವಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಗೆರೆಗೆ ಕೂಸು ಎಷ್ಟು ವಾರ ಹೊಟ್ಟೆಯಲ್ಲಿತ್ತು ಅನ್ನುವುದೇ ಬೇಕಿಲ್ಲ. 40 ವಾರ ತುಂಬಿದ ಗಂಡು ಕೂಸು 2.6 ಕೆಜಿ ಇದ್ದರೆ ಅದು ತನ್ನ ವಾರದ ನೂರು ಕೂಸುಗಳ ಸಾಲಿನಲ್ಲಿ ಕೊನೆಯ ಹತ್ತರಲ್ಲಿ ಒಂದು. 36 ವಾರಕ್ಕೆ ಹುಟ್ಟಿದ 2.3 ಕೆಜಿಯ ಕೂಸು ಕಡಿಮೆ ತೂಕದ್ದೇ, ಆದರೆ ಹೊಟ್ಟೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತಿತ್ತು, ಬೇಗ ಬಂತು ಅಷ್ಟೇ. ಎರಡಕ್ಕೂ ನೋಡಿಕೊಳ್ಳುವ ರೀತಿ ಬೇರೆ.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹೆರಿಗೆ ಕೋಣೆಗಳಿಗೆ ಹೊಸದಾಗಿ ಬಂದ ನರ್ಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಶಾ ಅಕ್ಕಂದಿರಿಗೂ ಉಪಯೋಗ ಆದೀತು. ಬೇಕಾಗುವ ಸಾಮಾನು ತಕ್ಕಡಿ, ಉದ್ದ ಅಳೆಯುವ ಹಲಗೆ, ಟೇಪು, ತಾಯಿ ಕಾರ್ಡ್. ಇವು ಎಲ್ಲಾ ಕಡೆ ಇರುತ್ತವೆ. ಒಟ್ಟಿಗೆ ಇಟ್ಟು ಓದುವುದೇ ಕಡಿಮೆ.

ಕೂಸನ್ನು ಅನುಮಾನಿಸುವ ಮೊದಲು ತಕ್ಕಡಿಯನ್ನು ಅನುಮಾನಿಸಿ

ಹೆರಿಗೆ ರಿಜಿಸ್ಟರ್‌ನ ಒಂದೆರಡು ಪುಟ ತಿರುವಿ ನೋಡಿ. ತೂಕದ ಸಾಲಿನಲ್ಲಿ 2.5, 2.5, 3.0, 2.8, 2.5 ಎಂದು ದುಂಡು ಸಂಖ್ಯೆಗಳೇ ಜಾಸ್ತಿ ಇವೆಯಾ? ಹಾಗಿದ್ದರೆ ಅಲ್ಲಿ ಯಾರೋ ಅಂದಾಜಿನಲ್ಲಿ ಬರೆಯುತ್ತಿದ್ದಾರೆ. ಕೂಸುಗಳು ದುಂಡು ಸಂಖ್ಯೆಯಲ್ಲಿ ಹುಟ್ಟುವುದಿಲ್ಲ. 2,480 ಇದ್ದದ್ದು 2.5 ಆದರೆ ಆ ಕೂಸಿಗೆ ಸಿಗಬೇಕಿದ್ದ ನಿಗಾ ತಪ್ಪಿಹೋಯಿತು.

ತಕ್ಕಡಿ ಗಟ್ಟಿ ಮೇಜಿನ ಮೇಲೆ ಸಮನಾಗಿ ಕೂತಿರಬೇಕು. ಮೊದಲು ಬಟ್ಟೆ ಹಾಸಿ, ಸೊನ್ನೆ ಮಾಡಿ, ಆಮೇಲೆ ಬರಿಮೈ ಕೂಸನ್ನು ಮಲಗಿಸಿ. ಒದ್ದೆ ಟವೆಲ್ ಸಮೇತ ತೂಗಿದರೆ ಆ ಟವೆಲ್ಲಿನ ಭಾರವೇ ಕೂಸನ್ನು ಗೆರೆ ದಾಟಿಸಿಬಿಡುತ್ತದೆ. ವಾರಕ್ಕೊಮ್ಮೆ ತಕ್ಕಡಿಯನ್ನು ಪರೀಕ್ಷೆ ಮಾಡುವುದು ಸುಲಭ. ಪಕ್ಕದ ಕಿರಾಣಿ ಅಂಗಡಿಯಿಂದ ಸರ್ಕಾರಿ ಮುದ್ರೆ ಇರುವ 2 ಕೆಜಿ ತೂಕದ ಬಟ್ಟು ತಂದು ಇಡಿ. 2,000 ತೋರಿಸಬೇಕು. ತೋರಿಸದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಗಲೂ ಸರಿಯಾಗದಿದ್ದರೆ ಆ ತಕ್ಕಡಿಯನ್ನು ರಿಪೇರಿಗೆ ಕಳಿಸಿ.

ಚರ್ಮಕ್ಕೆ ಚರ್ಮ ತಾಗಿಸಿ ತಾಯಿ ಎದೆಯ ಮೇಲೆ ಮಲಗಿಸಿದ ಕೂಸನ್ನು ತೂಕಕ್ಕಾಗಿ ಅವಸರದಲ್ಲಿ ಎತ್ತಬೇಡಿ. ಮೊದಲ ಹಾಲು ಕುಡಿದ ಮೇಲೆ ತೂಗಿದರೂ ನಡೆಯುತ್ತದೆ. ಆದರೆ ಅದೇ ದಿನ ತೂಗಬೇಕು. ಹುಟ್ಟಿದ ಮೊದಲ ಕೆಲವು ದಿನ ಕೂಸಿನ ತೂಕ ಇಳಿಯುತ್ತದೆ, ನೂರಕ್ಕೆ ಹತ್ತರವರೆಗೂ ಇಳಿಯಬಹುದು. ಮೂರನೇ ದಿನ ಆಶಾ ಮನೆಗೆ ಹೋಗಿ ತೂಗಿದ್ದನ್ನು ಹುಟ್ಟಿದ ತೂಕ ಅಂತ ಬರೆದರೆ ಲೆಕ್ಕವೆಲ್ಲ ಕೆಡುತ್ತದೆ.

ವಾರ ಎಷ್ಟು? ಇಲ್ಲೇ ಹೆಚ್ಚು ಎಡವುವುದು

ಅಳತೆ ಎಷ್ಟೇ ನಿಖರವಾಗಿರಲಿ, ವಾರ ತಪ್ಪಾದರೆ ತೀರ್ಮಾನವೂ ತಪ್ಪು. ನಮ್ಮ ಭಾಗದಲ್ಲಿ ಇದು ದೊಡ್ಡ ತೊಡಕು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುತ್ತಾರೆ, ಮೊದಲ ಸ್ಕ್ಯಾನಿಂಗ್ ರಿಪೋರ್ಟು ಗಂಡನ ಮನೆಯಲ್ಲಿ ಉಳಿದಿರುತ್ತದೆ. ಗುಳೆ ಹೋದವರದ್ದು ಇನ್ನೂ ಕಷ್ಟ. ದೇವದುರ್ಗ, ಲಿಂಗಸೂಗೂರು, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಎಂಟನೇ ತಿಂಗಳಿಗೆ ಊರಿಗೆ ಮರಳುತ್ತಾರೆ. ತಾಯಿ ಕಾರ್ಡಿನ ಅರ್ಧ ಪುಟ ಖಾಲಿ.

ಮುಟ್ಟಿನ ತಾರೀಖು ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ತಾರೀಖು ಕೇಳಬೇಡಿ, ಹಬ್ಬ ಕೇಳಿ. "ಏನವ್ವಾ, ಕಡೀ ಸಲ ಮುಟ್ಟಾದಾಗ ಯಾವ ಹಬ್ಬ ಇತ್ತು?" ಅಂದರೆ, "ಶೀಗಿ ಹುಣ್ಣಿವಿಗೆ ನಾಕು ದಿನ ಮುಂಚೆ ಆಗಿತ್ರಿ, ಹೊಲಕ್ಕ ಹೋಗಾಕ ಆಗ್ಲಿಲ್ಲ" ಎಂದು ಥಟ್ಟನೆ ಉತ್ತರ ಬರುತ್ತದೆ. 2024ರ ಶೀಗಿ ಹುಣ್ಣಿಮೆ ಅಕ್ಟೋಬರ್ 17ಕ್ಕೆ ಬಂದಿತ್ತು. ನಾಲ್ಕು ದಿನ ಮುಂಚೆ ಅಂದರೆ ಅಕ್ಟೋಬರ್ 13. ಅಲ್ಲಿಂದ 280 ದಿನ ಎಣಿಸಿದರೆ 2025ರ ಜುಲೈ 20 ಹೆರಿಗೆಯ ದಿನ. ಜುಲೈ 6ಕ್ಕೆ ಹೆರಿಗೆಯಾಗಿದ್ದರೆ 266 ದಿನ, ಸರಿಯಾಗಿ 38 ವಾರ. ಗವಿಮಠದ ಜಾತ್ರೆ, ಎಳ್ಳಮಾವಾಸ್ಯೆ, ಕಾರಹುಣ್ಣಿಮೆ, ರಂಜಾನ್, ಮೊಹರಂ, ಯಾವುದಾದರೂ ಸರಿ. ಗೋಡೆಯ ಕ್ಯಾಲೆಂಡರ್ ಮಾತ್ರ ಆಯಾ ವರ್ಷದ್ದೇ ಇರಬೇಕು. ಈ ದಿನಗಳು ವರ್ಷ ವರ್ಷ ಸರಿಯುತ್ತವೆ. ಹಳೇ ಕ್ಯಾಲೆಂಡರನ್ನು ಕಿತ್ತು ಎಸೆಯದೆ ಹೆರಿಗೆ ಕೋಣೆಯಲ್ಲೇ ಇಟ್ಟುಕೊಳ್ಳಿ.

ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನಿಂಗ್ ಆಗಿದ್ದರೆ ಅದೇ ಎಲ್ಲಕ್ಕಿಂತ ನಂಬಿಕೆಯದು. ಆಗ ಪಿಂಡದ ತಲೆಯಿಂದ ಕುಂಡಿಯವರೆಗಿನ ಉದ್ದ ಅಳೆದು ದಿನ ಹೇಳುತ್ತಾರೆ. ತಪ್ಪಿದರೂ ವಾರದೊಳಗೇ ತಪ್ಪುತ್ತದೆ.

ಈಗ ಒಂದು ಬಲೆ ಹೇಳುತ್ತೇನೆ, ದಯವಿಟ್ಟು ಗಮನ ಕೊಡಿ. ಎಂಟನೇ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನ್ ಮಾಡಿಸಿದ್ದಾರೆ. ಮುಟ್ಟಿನ ಪ್ರಕಾರ 35 ವಾರ, ಸ್ಕ್ಯಾನ್ ಮಾತ್ರ 32 ವಾರ ಅನ್ನುತ್ತದೆ. ತಾಯಿಗೆ ದಿನ ನೆನಪಿಲ್ಲ ಅಂತ ಅಂದುಕೊಂಡು ಸ್ಕ್ಯಾನಿನ ದಿನವನ್ನೇ ಕಾರ್ಡಿಗೆ ಬರೆಯುತ್ತಾರೆ. ಆ ಹೊತ್ತಿಗೆ ಯಂತ್ರ ಅಳೆಯುವುದು ಮಗುವಿನ ಗಾತ್ರವನ್ನು, ಗಾತ್ರದಿಂದ ವಾರವನ್ನು ಊಹಿಸುತ್ತದೆ. ಕೊನೆಯ ತಿಂಗಳುಗಳಲ್ಲಿ ಆ ಊಹೆ ಮೂರು ವಾರದಷ್ಟು ಆಚೀಚೆ ಆಗಬಹುದು. ಮಗು ಸೊರಗಿ ಚಿಕ್ಕದಾಗಿದ್ದರೆ ಅದನ್ನು ಚಿಕ್ಕ ವಯಸ್ಸಿನ ಮಗು ಎಂದು ತೋರಿಸುತ್ತದೆ. ಹೀಗೆ ದಿನ ತಿದ್ದಿದ ಕ್ಷಣವೇ ಬೆಳವಣಿಗೆಯ ದೋಷ ಕಾಗದದ ಮೇಲೆ ಮಾಯ. ಮೂರು ವಾರ ಬಿಟ್ಟು ಹುಟ್ಟಿದಾಗ 35 ವಾರದ ಕೂಸು, ಅದಕ್ಕೆ ಚಿಕ್ಕದು ಅನ್ನುತ್ತೇವೆ. ಅದು 38 ವಾರದ ಹಸಿದ ಕೂಸಾಗಿರುತ್ತದೆ. ಎರಡು ದಿನಾಂಕಗಳಿಗೆ ಇಷ್ಟು ಅಂತರ ಇದ್ದರೆ ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತು ಅಂತಲೂ ಬರೆಯಿರಿ.

ಏನೂ ಗೊತ್ತಾಗದಿದ್ದರೆ ಕೂಸನ್ನೇ ಕೇಳಬೇಕು. ಹೊಸ ಬ್ಯಾಲರ್ಡ್ ಸ್ಕೋರ್ ಅದಕ್ಕೇ ಇರುವುದು. ಕೈಕಾಲಿನ ಬಿಗಿ, ಭಂಗಿಗೆ ಸಂಬಂಧಿಸಿದ ಆರು ಗುರುತು, ಮೈಮೇಲಿನ ಆರು ಗುರುತು. ಒಟ್ಟು 35 ಬಂದರೆ 38 ವಾರ, 40 ಬಂದರೆ 40 ವಾರ. ಎರಡು ವಾರ ಹೆಚ್ಚುಕಡಿಮೆ ಇದ್ದದ್ದೇ. ಸೊರಗಿದ ಕೂಸಿನಲ್ಲಿ ಮೊಲೆಯ ಗಂಟು ಸಣ್ಣದಿರುತ್ತದೆ, ಹೆಣ್ಣು ಕೂಸಿನ ಜನನಾಂಗದ ತುಟಿಗಳಲ್ಲಿ ಕೊಬ್ಬು ಕಡಿಮೆ ಇರುತ್ತದೆ. ಅವೆರಡನ್ನೇ ನೋಡಿ ದಿನ ತುಂಬಿಲ್ಲ ಎಂದು ತೀರ್ಮಾನಿಸಬೇಡಿ.

ಉದ್ದ, ತಲೆ, ಎದೆ, ತೋಳು

ಉದ್ದ ಅಳೆಯಲು ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಯ ಮೇಲ್ತುದಿಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಮೆಲ್ಲಗೆ ಒತ್ತಿ, ಪಾದ ನೆಟ್ಟಗೆ ಮಾಡಿ, ಜಾರುವ ಪಟ್ಟಿಯನ್ನು ಹಿಮ್ಮಡಿಗೆ ತರಬೇಕು. ಒಬ್ಬರೇ ಕೂಸನ್ನು ಹಾಸಿಗೆ ಮೇಲೆ ಮಲಗಿಸಿ ಟೇಪು ಹಿಡಿದರೆ ಎರಡು ಸೆಂಟಿಮೀಟರ್ ಆರಾಮವಾಗಿ ತಪ್ಪುತ್ತದೆ. ಎರಡು ಸೆಂಟಿಮೀಟರ್ ಎಷ್ಟು ಕೆಡಿಸುತ್ತದೆ ಅಂತ ಮುಂದಿನ ಲೆಕ್ಕದಲ್ಲಿ ತೋರಿಸುತ್ತೇನೆ.

ತಲೆಗೆ ಹಿಗ್ಗದ ಟೇಪು ಬೇಕು. ಬಟ್ಟೆ ಹೊಲಿಯುವ ಹಳೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆಯ ಅತಿ ಉಬ್ಬಿದ ಜಾಗದ ಮೇಲೆ ಸುತ್ತಿ. ಮೂರು ಸಲ ಸುತ್ತಿ, ದೊಡ್ಡ ಸಂಖ್ಯೆ ಬರೆಯಿರಿ. ಹೆರಿಗೆಯಲ್ಲಿ ಒತ್ತಿಕೊಂಡು ತಲೆ ಉದ್ದಕ್ಕೆ ಹೋಗಿದ್ದರೆ, ನೆತ್ತಿಯ ಮೇಲೆ ಊತ ಇದ್ದರೆ, ಒಂದೆರಡು ದಿನ ಬಿಟ್ಟು ಮತ್ತೆ ಅಳೆಯಲೇಬೇಕು. ಎದೆಯನ್ನು ಮೊಲೆತೊಟ್ಟಿನ ಮಟ್ಟದಲ್ಲಿ ಅಳೆಯಿರಿ. ತೋಳಿನ ಸುತ್ತಳತೆಯನ್ನು ಹೆಗಲು ಮತ್ತು ಮೊಣಕೈಗಳ ಸರಿ ನಡುವೆ ಅಳೆಯಿರಿ.

ಈಗ ಲೆಕ್ಕ

ಮೊದಲು ತೂಕ, ಉದ್ದ, ತಲೆ ಮೂರನ್ನೂ ವಾರದ ಚಾರ್ಟಿನ ಮೇಲೆ ಗುರುತಿಸಿ. ಇಂಟರ್‌ಗ್ರೋತ್-21 ಚಾರ್ಟ್ 2014ರಲ್ಲಿ ಬಂತು. ಎಂಟು ದೇಶಗಳ ಆರೋಗ್ಯವಂತ ತಾಯಂದಿರ ಮಕ್ಕಳನ್ನು ಅಳೆದು ಮಾಡಿದ್ದು, ಭಾರತದ ಕಡೆಯಿಂದ ನಾಗ್ಪುರ ಇತ್ತು. ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಹತ್ತನೇ ಶೇಕಡಾ ಗೆರೆಯ (ನೂರು ಕೂಸುಗಳಲ್ಲಿ ಹತ್ತು ಇದರ ಕೆಳಗಿರುತ್ತವೆ) ಕೆಳಗೆ ಬಿದ್ದರೆ ವಾರಕ್ಕೆ ಚಿಕ್ಕ ಕೂಸು. ವಾರಕ್ಕೆ ಚಿಕ್ಕದಾದ ಎಲ್ಲಾ ಕೂಸೂ ಸೊರಗಿದ್ದಲ್ಲ. ತಾಯಿಯೇ ಕುಳ್ಳಗೆ, ಸಣ್ಣಗೆ ಇದ್ದು ಕೂಸು ಆರೋಗ್ಯವಾಗಿರಬಹುದು. ಅದನ್ನು ಬಿಡಿಸಿ ನೋಡಲು ಅಳತೆಗಳನ್ನು ಒಂದಕ್ಕೊಂದು ಹೋಲಿಸಬೇಕು.

ಆ 2.6 ಕೆಜಿಯ ಕೂಸನ್ನೇ ತೆಗೆದುಕೊಳ್ಳೋಣ. 40 ವಾರ, ಗಂಡು. ಉದ್ದ 50 ಸೆಂ.ಮೀ., ತಲೆ 34, ಎದೆ 30.5, ತೋಳು 9.

ಉದ್ದ, ತಲೆ ಎರಡಕ್ಕೂ ತಕರಾರಿಲ್ಲ. ಹಾಗಾದರೆ ತೂಕ ಮಾತ್ರ ಹಿಂದೆ ಬಿದ್ದಿದೆ. ಎಷ್ಟು ಹಿಂದೆ? ತೂಕದ ಗ್ರಾಂ ಅನ್ನು 100ರಿಂದ ಗುಣಿಸಿ: 2,60,000. ಉದ್ದವನ್ನು ಉದ್ದದಿಂದ, ಮತ್ತೆ ಉದ್ದದಿಂದ ಗುಣಿಸಿ: 50×50×50, ಅಂದರೆ 1,25,000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.08. ಇದಕ್ಕೆ ಪಾಂಡರಲ್ ಇಂಡೆಕ್ಸ್ ಅನ್ನುತ್ತಾರೆ. ಮೈ ತುಂಬಿಕೊಂಡ ಕೂಸಿಗೆ 2.5ರ ಆಸುಪಾಸು ಬರುತ್ತದೆ. 2ಕ್ಕಿಂತ ಕೆಳಗೆ ಇಳಿದರೆ ಸೊರಗಿದ್ದು ಬಹುತೇಕ ಖಚಿತ. 2.08 ಅಂಚಿನಲ್ಲಿದೆ. ಇದೇ ಕೂಸಿನ ಉದ್ದವನ್ನು ಒಬ್ಬರೇ ಅಳೆದು 48 ಎಂದು ಬರೆದಿದ್ದರೆ ಉತ್ತರ 2.35 ಬರುತ್ತಿತ್ತು. ಕೂಸು ಸರಿ ಇದೆ ಎಂದು ಮುಂದೆ ಹೋಗುತ್ತಿದ್ದೆವು. ಇಬ್ಬರು ಬೇಕು ಅಂದದ್ದು ಇದಕ್ಕೇ.

ಅಂಚಿನಲ್ಲಿರುವಾಗ ಉಳಿದ ಅಳತೆ ಕೈ ಹಿಡಿಯುತ್ತವೆ. ದಿನ ತುಂಬಿದ ಕೂಸಿನಲ್ಲಿ ತಲೆ ಎದೆಗಿಂತ ಸುಮಾರು 2 ಸೆಂ.ಮೀ. ದೊಡ್ಡದು. 3ಕ್ಕಿಂತ ಜಾಸ್ತಿ ಇದ್ದರೆ ಅನುಮಾನ. ಇಲ್ಲಿ 3.5. ತೋಳಿನ ಅಳತೆಯನ್ನು ತಲೆಯ ಅಳತೆಯಿಂದ ಭಾಗಿಸಿದರೆ 9÷34, ಅಂದರೆ 0.26. 0.27ಕ್ಕಿಂತ ಕೆಳಗಿದ್ದರೆ ಹೊಟ್ಟೆಯಲ್ಲಿದ್ದಾಗಲೇ ಪೋಷಣೆ ಸಾಲಲಿಲ್ಲ ಎಂದರ್ಥ. ಎರಡೂ ಒಂದೇ ದಿಕ್ಕು ತೋರಿಸುತ್ತಿವೆ.

ತಲೆ ಮಾತ್ರ ಯಾಕೆ ಸರಿ ಇರುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಕಡಿಮೆ ಬಿಟ್ಟ ವರ್ಷ ಗಂಗಾವತಿ ಕಡೆ ಭತ್ತ ಹಸಿರಾಗಿರುತ್ತದೆ, ಮಾನ್ವಿ, ಸಿರವಾರದ ಕೊನೆ ಭಾಗದ ಹೊಲ ಒಣಗುತ್ತದೆ. ಮಾಸಿನಿಂದ ರಕ್ತ ಕಡಿಮೆ ಬಂದಾಗ ಮಗುವಿನ ದೇಹ ಇದ್ದದ್ದನ್ನು ಮೊದಲು ಮಿದುಳಿಗೆ, ಹೃದಯಕ್ಕೆ ಕೊಡುತ್ತದೆ. ಪಿತ್ತಜನಕಾಂಗ, ಹೊಟ್ಟೆ, ತೊಡೆ, ತೋಳು ಕೊನೆಯ ಭಾಗ. ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಅದಕ್ಕೇ ಹುಟ್ಟಿದ ಕೆಲವೇ ತಾಸಿನಲ್ಲಿ ರಕ್ತದ ಸಕ್ಕರೆ ಕುಸಿಯುವುದು. ಸ್ಕ್ಯಾನಿಂಗಿನಲ್ಲಿ ಹೊಟ್ಟೆಯ ಸುತ್ತಳತೆಯನ್ನು ಅಷ್ಟು ಗಮನವಿಟ್ಟು ನೋಡುವುದೂ ಇದೇ ಕಾರಣಕ್ಕೆ.

ಎಲ್ಲವೂ ಸಮನಾಗಿ ಚಿಕ್ಕದಿದ್ದರೆ

39 ವಾರ, 2.1 ಕೆಜಿ, ಉದ್ದ 44.5, ತಲೆ 31. ಪಾಂಡರಲ್ ಇಂಡೆಕ್ಸ್ ಹಾಕಿದರೆ 2.38 ಬರುತ್ತದೆ. ಸರಿ ಇದೆಯಲ್ಲ ಎಂದು ಬಿಟ್ಟುಬಿಡಬೇಡಿ. ಆ ಲೆಕ್ಕ ತೆಳ್ಳಗಿದೆಯಾ ಅಂತ ಹೇಳುತ್ತದೆಯೇ ಹೊರತು ಚಿಕ್ಕದಿದೆಯಾ ಅಂತ ಹೇಳುವುದಿಲ್ಲ. ಮೂರೂ ಅಳತೆ ಗೆರೆಯ ಕೆಳಗಿವೆ. ಮೊದಲು ವಾರವನ್ನು ಮತ್ತೊಮ್ಮೆ ಪರೀಕ್ಷಿಸಿ. ವಾರ ಸರಿ ಇದ್ದರೆ ತೊಂದರೆ ಬಸಿರಿನ ಶುರುವಿನಲ್ಲೇ ಆಗಿರಬಹುದು: ಆರಂಭದಲ್ಲಿ ತಾಯಿಗೆ ಸೋಂಕು, ಮಗುವಿನ ಕ್ರೋಮೋಸೋಮಿನ ದೋಷ, ಅಥವಾ ತುಂಬಾ ಮೊದಲಿನಿಂದಲೇ ಪೋಷಣೆಯ ಕೊರತೆ. ತಲೆಯೂ ಚಿಕ್ಕದಿದ್ದರೆ ಮಕ್ಕಳ ವೈದ್ಯರು ನೋಡಲೇಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹೋಗಿ ಬನ್ನಿ ಅಂತ ಬಾಯಿಮಾತಿನಲ್ಲಿ ಹೇಳಿ ಬಿಡದೆ, ಅಳತೆಗಳನ್ನೆಲ್ಲ ಬರೆದ ಚೀಟಿ ಕೊಟ್ಟು ಕಳಿಸಿ.

ಕಣ್ಣು ಮತ್ತು ಕೈ ಹೇಳುವುದು

ಟೇಪು ಕೆಳಗಿಟ್ಟು ಕೂಸನ್ನು ಮಗ್ಗುಲಿಗೆ ತಿರುಗಿಸಿ. ಕುಂಡಿಯ ಮೇಲೆ, ತೊಡೆಯ ಒಳಗೆ ಚರ್ಮ ಸಡಿಲಾಗಿ ಮಡಿಕೆ ಬಿದ್ದಿದೆಯಾ? ಎರಡು ಬೆರಳಲ್ಲಿ ಬೆನ್ನಿನ ಚರ್ಮ ಹಿಡಿದರೆ ಸುಲಭವಾಗಿ ಮೇಲೆ ಬರುತ್ತದಾ? ಪಕ್ಕೆಲುಬು ಎಣಿಸುವಂತಿದೆಯಾ? ಕೂದಲು ಒರಟಾಗಿ ನೆಟ್ಟಗೆ ನಿಂತಿದೆಯಾ? ಕೂದಲು, ಕೆನ್ನೆ, ಕುತ್ತಿಗೆ, ತೋಳು, ಕಾಲು, ಬೆನ್ನು, ಕುಂಡಿ, ಎದೆ, ಹೊಟ್ಟೆ, ಹೀಗೆ ಒಂಬತ್ತು ಜಾಗಕ್ಕೆ ಒಂದರಿಂದ ನಾಲ್ಕು ಅಂಕ ಕೊಡುವ ಕ್ಯಾನ್ ಸ್ಕೋರ್ ಎಂಬುದಿದೆ. ಒಟ್ಟು 36ಕ್ಕೆ 25ಕ್ಕಿಂತ ಕಡಿಮೆ ಬಂದರೆ ಹೊಟ್ಟೆಯಲ್ಲಿ ಪೋಷಣೆ ಸಿಕ್ಕಿಲ್ಲ. ತೂಕ ಗೆರೆಯ ಮೇಲಿದ್ದು ಸೊರಗಿದ ಕೂಸು ಇದರಲ್ಲಿ ಸಿಕ್ಕಿಬೀಳುತ್ತದೆ. ಹೊಕ್ಕುಳಬಳ್ಳಿ ತೆಳ್ಳಗೆ, ಹಳದಿ ಹಸಿರಾಗಿದ್ದರೆ ಅದನ್ನೂ ಬರೆದಿಡಿ.

ಮುಖ ದುಂಡಗಿದೆ ಎಂಬುದು ಖುಲಾಸೆಯಲ್ಲ. ಪುಣೆಯ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದಾರೆ. ನಮ್ಮವು ಸರಾಸರಿ 2.7 ಕೆಜಿ, ಅಲ್ಲಿನವು 3.5. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದು ಮುಖ್ಯವಾಗಿ ಮಾಂಸಖಂಡ, ಹೊಟ್ಟೆಯ ಅಂಗಾಂಗ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಹಾಗಾಗಿ ಮೈಮುಟ್ಟಿ ನೋಡಿದ್ದು ಅಳತೆಗೆ ಜೊತೆಯಾಗಿ ಇರಬೇಕು, ಅಳತೆಯ ಬದಲಿಗೆ ಅಲ್ಲ.

ಕೊನೆಯ ತೀರ್ಮಾನಕ್ಕೆ 2018ರಲ್ಲಿ ತಜ್ಞರು ಒಪ್ಪಿದ ಒಂದು ನಿಯಮ ಇದೆ. ತೂಕ ಮೂರನೇ ಶೇಕಡಾ ಗೆರೆಯ ಕೆಳಗಿದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ಐದರಲ್ಲಿ ಮೂರು ಇರಬೇಕು: ತೂಕ, ಉದ್ದ, ತಲೆ ಹತ್ತನೇ ಗೆರೆಯ ಕೆಳಗಿರುವುದು, ಹೆರಿಗೆಗೆ ಮೊದಲೇ ಸ್ಕ್ಯಾನಿಂಗಿನಲ್ಲಿ ದೋಷ ಕಂಡಿರುವುದು, ತಾಯಿಗೆ ಬಿಪಿ ಅಥವಾ ಸೋಂಕಿನಂಥ ಕಾರಣ ಇರುವುದು. ನಮ್ಮ 2.6 ಕೆಜಿಯ ಕೂಸು ಮೂರನೇ ಗೆರೆಯ ಅಂಚಿನಲ್ಲೇ ಇದೆ, ಚಾರ್ಟ್ ಮೇಲೆ ಸರಿಯಾಗಿ ಗುರುತಿಸಿ ನೋಡಬೇಕು. ಗೆರೆಯ ಮೇಲೆ ಬಂದರೆ ತಾಯಿ ಕಾರ್ಡ್ ತೆರೆಯಬೇಕಾಗುತ್ತದೆ. ಆದರೆ ನಿಗಾ ಇಡಲು ಈ ನಿಯಮಕ್ಕೆ ಕಾಯಬೇಕಿಲ್ಲ, ಅನುಮಾನ ಸಾಕು.

ಅನುಮಾನ ಬಂದ ಕೂಸಿಗೆ

ಬೆಚ್ಚಗಿಡಿ. ತಾಯಿಯ ಎದೆಯೇ ಒಳ್ಳೆಯ ಜಾಗ, ಕಾಂಗರೂ ಆರೈಕೆ ಕೂಡಲೇ ಶುರುವಾಗಲಿ. ಮೈ ಬಿಸಿ 36.5 ಡಿಗ್ರಿಗಿಂತ ಇಳಿಯಬಾರದು. ಮೊದಲ ತಾಸಿನಲ್ಲಿ ಗಿಬ್ಬದ ಹಾಲು (ತಾಯಿಯ ಮೊದಲ ಗಟ್ಟಿ ಹಾಲು), ಆಮೇಲೆ ಎರಡು ತಾಸಿಗೊಮ್ಮೆ. ಜೇನು, ಸಕ್ಕರೆ ನೀರು ಬೇಡ ಎಂದು ಅಜ್ಜಿಗೆ ಗೌರವದಿಂದಲೇ ತಿಳಿಸಿ ಹೇಳಿ. ರಕ್ತದ ಸಕ್ಕರೆಯನ್ನು 2, 6, 12, 24 ತಾಸಿಗೆ ನೋಡಿ, ಮೂರನೇ ದಿನದವರೆಗೂ ದಿನಕ್ಕೊಮ್ಮೆ ನೋಡಿ. 45ಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತಕ್ಷಣ ಹೇಳಿ. ಮೈ ತೀರಾ ಕೆಂಪಗಿದ್ದರೆ ರಕ್ತ ಗಟ್ಟಿಯಾಗಿರಬಹುದು, ಅದನ್ನೂ ಹೇಳಿ. ತೂಕ 1,800 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಕಳಿಸಿ.

ಹಿಂದಕ್ಕೆ ಹೋಗಿ ಕಾರಣ ಹುಡುಕುವುದು

ತಾಯಿ ಕಾರ್ಡನ್ನು ಕೊನೆಯಿಂದ ಮೊದಲಿಗೆ ಓದಿ. ಹೊಟ್ಟೆಯ ಎತ್ತರ ಬರೆದಿದ್ದಾರಾ? 24 ವಾರದ ನಂತರ ಸೆಂಟಿಮೀಟರ್ ಲೆಕ್ಕದ ಎತ್ತರ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಇರಬೇಕು. ಮೂರು ಸೆಂಟಿಮೀಟರ್ ಹಿಂದೆ ಬಿದ್ದಿದ್ದರೆ, ಇಲ್ಲವೇ ಎರಡು ಭೇಟಿಯಲ್ಲೂ ಒಂದೇ ಸಂಖ್ಯೆ ಇದ್ದರೆ, ದೋಷ ಅಂದೇ ಕಾಣಿಸಿಕೊಂಡಿತ್ತು. ಅಂಥವರಿಗೆ ಬೆಳವಣಿಗೆ ನೋಡುವ ಸ್ಕ್ಯಾನ್, ಹೊಕ್ಕುಳಬಳ್ಳಿಯ ರಕ್ತದ ಓಟ ನೋಡುವ ಡಾಪ್ಲರ್ ಆಗಬೇಕು. ಪ್ರತಿ ತಿಂಗಳ 9ನೇ ತಾರೀಖಿನ ಬಸಿರಿಯರ ತಪಾಸಣೆ ಇದಕ್ಕೆ ಒಳ್ಳೆಯ ಅವಕಾಶ. ಟೇಪು ಹಿಡಿಯದೆ ಬರೀ ಬಿಪಿ ನೋಡಿ ಕಳಿಸಿದರೆ ಆ ದಿನ ವ್ಯರ್ಥ.

ಬಿಪಿ ಏರಿತ್ತಾ? ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿತ್ತಾ? ಹಿಂದಿನ ಕೂಸು ಹಾಲು ಬಿಡುವ ಮೊದಲೇ ಬಸಿರಾಯಿತಾ? ಒಂಬತ್ತನೇ ತಿಂಗಳವರೆಗೂ ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುತ್ತಿದ್ದರಾ? ಕಡ್ಡಿಪುಡಿಯ ಬಗ್ಗೆ ಕೇಳಲು ಮರೆಯಬೇಡಿ. ತಂಬಾಕು ತಿನ್ನುತ್ತೀರಾ ಅಂದರೆ ಇಲ್ಲ ಅನ್ನುತ್ತಾರೆ, ಹಲ್ಲಿಗೆ ಏನು ಹಚ್ಚುತ್ತೀರಿ ಅಂದರೆ ಹೇಳುತ್ತಾರೆ. ಅಂಗನವಾಡಿಯ ಮಾತೃಪೂರ್ಣ ಊಟ ಸಿಗುತ್ತಿತ್ತಾ, ಅಥವಾ ಅಂಗನವಾಡಿ ದೂರ ಅಂತ ಬಿಟ್ಟಿದ್ದರಾ? ಬಾಣಂತಿಯನ್ನು ತಪ್ಪಿತಸ್ಥೆ ಮಾಡಲು ಇದನ್ನು ಕೇಳುವುದಲ್ಲ, ಅತ್ತೆ, ಗಂಡ ಎದುರಿಗಿದ್ದಾಗ ಕೇಳಲೂಬೇಡಿ.

ಮಾಸನ್ನು ಎಸೆಯುವ ಮೊದಲು ತೂಗಿ, ತಿರುಗಿಸಿ ನೋಡಿ. ತೀರಾ ಚಿಕ್ಕದಿದೆಯಾ, ಬಿಳಿಚಿದ ಗಟ್ಟಿ ತುಂಡುಗಳಿವೆಯಾ, ಬಳ್ಳಿ ಅಂಚಿನಲ್ಲಿ ಅಂಟಿದೆಯಾ ಎಂದು ಬರೆಯಿರಿ.

ಡಿಸ್ಚಾರ್ಜ್ ಕಾರ್ಡಿನಲ್ಲಿ ವಾರ, ವಾರ ಗೊತ್ತಾದ ಬಗೆ, ತೂಕ, ಉದ್ದ, ತಲೆ, ಎದೆ, ತೋಳು ಎಲ್ಲವೂ ಇರಲಿ. ಮೊದಲ ಸಾಲಿನಲ್ಲೇ, ಹೊಟ್ಟೆಯಲ್ಲಿ ಬೆಳವಣಿಗೆ ಕುಂಠಿತವಾದ ಅನುಮಾನ ಎಂದು ಬರೆಯಿರಿ. ಆಶಾ 3, 7, 14, 21, 28, 42ನೇ ದಿನ ಮನೆಗೆ ಹೋದಾಗ ತೂಕ ಏರುತ್ತಿದೆಯಾ ಎಂದು ನೋಡಲು ಅವರಿಗೆ ಈ ಸಾಲು ಬೇಕು. ಇದೇ ತಾಯಿ ಮತ್ತೆ ಬಸಿರಾದಾಗಲೂ ಬೇಕು. ಒಮ್ಮೆ ಹೀಗಾದವರಿಗೆ ಮತ್ತೊಮ್ಮೆ ಆಗುವ ಸಂಭವ ಜಾಸ್ತಿ. ಮೂರನೇ ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ ದಿನ ಗಟ್ಟಿ ಮಾಡಿಕೊಳ್ಳಬೇಕು. 16 ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಬೇಕಾ ಎಂದು ವೈದ್ಯರು ನಿರ್ಧರಿಸಬೇಕು. ಏಳನೇ ತಿಂಗಳಿನಿಂದ ಮಗುವಿನ ಬೆಳವಣಿಗೆಯನ್ನು ಮತ್ತೆ ಮತ್ತೆ ಅಳೆಯಬೇಕು. ಗುಳೆ ಹೋಗುವ ಮನೆಯವರಾದರೆ ಆ ಕಾರ್ಡಿನ ಫೋಟೋ ತೆಗೆದು ಗಂಡನ ಫೋನಿಗೂ, ತವರಿನವರ ಫೋನಿಗೂ ಅಲ್ಲೇ ಕಳಿಸಿಬಿಡಿ.